ರಾಮನಗರದ ಮಣಿಸರ: ಒಂದು ಪ್ರಯೋಗ ಮತ್ತು ಅದರ ಮೇಲಿನ ತೀರ್ಪು

ಭಾರತದ ಕುಟುಂಬ ಯೋಜನೆಯ ಚರಿತ್ರೆಯನ್ನು ಬರೆದವರಲ್ಲಿ ಹಲವರು ರಾಮನಗರದ ಹೆಸರನ್ನು ಎರಡು ಮೂರು ವಾಕ್ಯಗಳಲ್ಲಿ ಪ್ರಸ್ತಾಪಿಸಿ ಮುಂದೆ ಸಾಗುತ್ತಾರೆ. ಆ ವಾಕ್ಯಗಳ ಸಾರಾಂಶ ಸಾಮಾನ್ಯವಾಗಿ ಹೀಗಿರುತ್ತದೆ: ೧೯೫೨ರಿಂದ ಕೆಲವು ಕಾಲ ಮೈಸೂರು ರಾಜ್ಯದ ಈ ಊರಿನಲ್ಲಿ ಹೆಂಗಸರಿಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟು, ಗರ್ಭ ನಿಲ್ಲುವ ದಿನಗಳನ್ನೂ ನಿಲ್ಲದ ದಿನಗಳನ್ನೂ ಎಣಿಸುವುದನ್ನು ಕಲಿಸಲಾಯಿತು, ಹೆಂಗಸರು ಮಣಿಗಳನ್ನು ತಪ್ಪಾಗಿ ಸರಿಸಿದರು, ಬಸಿರಾದರು, ಪ್ರಯೋಗ ಮುಗಿಯಿತು. ಇದರ ಆಧಾರದ ಮೇಲೆ ಒಂದು ಪಕ್ಷದವರು, ಸಹಜ ವಿಧಾನವೆಂಬುದು ಅಕ್ಷರ ಬಲ್ಲ ನಗರವಾಸಿಗಳ ವಿಲಾಸವೇ ಹೊರತು ಗ್ರಾಮಗಳಿಗೆ ಸಲ್ಲತಕ್ಕದ್ದಲ್ಲ, ಅಲ್ಲಿಗೆ ವಂಕಿಯೂ ಶಸ್ತ್ರಚಿಕಿತ್ಸೆಯೂ ಅನಿವಾರ್ಯವಾಗಿದ್ದುವು ಎಂದು ತೀರ್ಮಾನಿಸುತ್ತಾರೆ. ಸಹಜ ವಿಧಾನವನ್ನು ಪ್ರತಿಪಾದಿಸುವ ಇನ್ನೊಂದು ಪಕ್ಷದವರಾದರೋ ರಾಮನಗರವನ್ನು ಬಿಟ್ಟೇಬಿಡುತ್ತಾರೆ; ಅಥವಾ ಅದು ಹಳೆಯ ಪದ್ಧತಿ, ನಮ್ಮದು ಹೊಸದು ಎಂದು ಹೇಳಿ ಜಾರಿಕೊಳ್ಳುತ್ತಾರೆ. ಈ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಏಕಾಭಿಪ್ರಾಯವುಳ್ಳವಾಗಿವೆ. ರಾಮನಗರದಲ್ಲಿ ಪರೀಕ್ಷೆಗೆ ಕುಳಿತವರು ಅಲ್ಲಿನ ಹೆಂಗಸರು, ಅನುತ್ತೀರ್ಣರಾದವರೂ ಅವರೇ ಎಂಬುದು ಇಬ್ಬರಿಗೂ ಸಮ್ಮತ. ಈ ತೀರ್ಪು ಸಾಕ್ಷ್ಯಕ್ಕೆ ವಿರುದ್ಧವಾದುದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪೂರ್ವರಂಗವನ್ನು ಸಂಕ್ಷೇಪವಾಗಿ ನೋಡಬಹುದು. ಸಂತಾನ ನಿಯಂತ್ರಣದ ವಿಷಯದಲ್ಲಿ ಮೈಸೂರು ಹಿಂದುಳಿದ ಸೀಮೆಯಾಗಿರಲಿಲ್ಲ. ೧೯೩೦ರಷ್ಟು ಹಿಂದೆಯೇ ಇಲ್ಲಿನ ಸರ್ಕಾರವು ಬೆಂಗಳೂರು ಮೈಸೂರು ನಗರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಬಗೆಯ ಸಲಹಾ ಚಿಕಿತ್ಸಾಲಯಗಳನ್ನು ತೆರೆಯಲು ಮಂಜೂರಾತಿಯನ್ನಿತ್ತಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸ ಮಾಡಿದ ನಿದರ್ಶನ ಅಂದಿನ ಜಗತ್ತಿನಲ್ಲಿ ಅತಿ ವಿರಳ. ಆದರೆ ಸ್ವತಂತ್ರ ಭಾರತದ ನೀತಿಯು ರೂಪುಗೊಂಡದ್ದು ಬೇರೆ ಜಾಡಿನಲ್ಲಿ. ೧೯೩೫ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಮಾರ್ಗರೆಟ್ ಸ್ಯಾಂಗರ್ ಅವರು ಗಾಂಧೀಜಿಯವರನ್ನು ಕಂಡು ವಾದಿಸಿದಾಗ, ಕೃತಕ ಸಾಧನಗಳನ್ನು ಗಾಂಧೀಜಿಯವರು ಸುತರಾಂ ಒಪ್ಪಲಿಲ್ಲ. ತಿಂಗಳಿನ 'ಸುರಕ್ಷಿತ ದಿನ'ಗಳನ್ನು ಅನುಸರಿಸುವ ಕ್ರಮದ ಬಗ್ಗೆ ಮಾತ್ರ ಅವರ ವಿರೋಧ ತುಸು ಮೆತ್ತಗಾಯಿತು. ಆ ಮಾರ್ಗದಲ್ಲಿ ಕೆಲವು ದಿನಗಳ ಸಂಯಮವಾದರೂ ಉಂಟಲ್ಲ ಎಂಬುದೇ ಅದಕ್ಕೆ ಕಾರಣ. ಗಾಂಧೀಜಿಯವರ ಆಪ್ತವಲಯದಲ್ಲಿದ್ದ ರಾಜಕುಮಾರಿ ಅಮೃತ ಕೌರ್ ಅವರು ೧೯೪೭ರಲ್ಲಿ ಕೇಂದ್ರದ ಪ್ರಥಮ ಆರೋಗ್ಯ ಸಚಿವೆಯಾದಾಗ, ಈ ಸಣ್ಣ ರಿಯಾಯಿತಿಯೇ ಸರ್ಕಾರದ ನೀತಿಯಾಯಿತು. ೧೯೫೧ರಲ್ಲಿ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆಯು ನ್ಯೂಯಾರ್ಕಿನ ಡಾ. ಏಬ್ರಹಾಂ ಸ್ಟೋನ್ ಅವರನ್ನು ಕಳುಹಿಸಿಕೊಟ್ಟಿತು. ಸ್ಟೋನ್ ಅವರು ಸ್ಯಾಂಗರ್ ಅವರ ಹೆಸರಿನ ಸಂಶೋಧನಾಲಯದ ನಿರ್ದೇಶಕರು. ಯಾವ ಸಾಧನಗಳನ್ನು ಭಾರತದ ಸಚಿವೆ ಬೇಡವೆಂದರೋ ಅವುಗಳ ಪ್ರಚಾರದಲ್ಲಿಯೇ ಆಯುಷ್ಯ ಸವೆಸಿದವರು. ತಮಗೆ ಪೂರ್ಣ ನಂಬಿಕೆಯಿಲ್ಲದ ವಿಧಾನವನ್ನು ಕಲಿಸಲು ಬಂದ ಗುರುವೆಂದು ಅವರನ್ನು ವರ್ಣಿಸಿದರೆ ಅನ್ಯಾಯವಾಗಲಾರದು. ದೆಹಲಿಯ ಗುಮಾಸ್ತೆಯರ ವಸತಿಯಾದ ಲೋದಿ ಕಾಲೊನಿ ಮತ್ತು ಮೈಸೂರಿನ ರಾಮನಗರ, ಈ ಎರಡು ಕಡೆ ಪ್ರಯೋಗ ನಡೆಯಿತು.

ವಿಧಾನದ ವೈಜ್ಞಾನಿಕ ಆಧಾರವು ಆಗ್ಗೆ ಇಪ್ಪತ್ತೈದು ವರ್ಷಗಳಷ್ಟು ಹಳೆಯದು. ಅಂಡೋತ್ಸರ್ಗವು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಆಗುತ್ತದೆಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯದ ಕ್ನೌಸ್ ಇಬ್ಬರೂ ೧೯೨೦ರ ದಶಕದಲ್ಲಿ ಬೇರೆ ಬೇರೆಯಾಗಿ ನಿರ್ಧರಿಸಿದರು. ಅದಕ್ಕೆ ಹಿಂದಿನ ಶತಮಾನದ ಯೂರೋಪಿನ ವೈದ್ಯರಲ್ಲಿ ಬಹುಮಂದಿ, ಪ್ರಾಣಿಗಳ ಬೆದೆಯನ್ನೂ ಸ್ತ್ರೀಯರ ಮುಟ್ಟನ್ನೂ ಒಂದೇ ಎಂದು ಭ್ರಮಿಸಿ, ತಿಂಗಳಿನ ನಡುವಣ ದಿನಗಳೇ ನಿರಪಾಯವೆಂದು ಬೋಧಿಸುತ್ತಿದ್ದರು. ಎಂದರೆ, ಗರ್ಭ ನಿಲ್ಲುವ ಸಂಭವ ಅತ್ಯಂತ ಹೆಚ್ಚಾದ ದಿನಗಳನ್ನೇ ಆರಿಸಿ ಕೊಡುತ್ತಿದ್ದರು. ನಮ್ಮ ಸ್ಮೃತಿಕಾರರು ಋತುಕಾಲವನ್ನು ಹದಿನಾರು ರಾತ್ರಿಗಳೆಂದೂ, ವೈದ್ಯಗ್ರಂಥಗಳು ಹನ್ನೆರಡು ರಾತ್ರಿಗಳೆಂದೂ ಎಣಿಸಿ, ಮೊದಲ ಕೆಲವು ರಾತ್ರಿಗಳನ್ನು ವರ್ಜ್ಯವೆಂದು ಬಿಟ್ಟಿರುವುದು ಇಂದಿನ ತಿಳಿವಳಿಕೆಗೆ ಹೆಚ್ಚು ಸಮೀಪವಾಗಿದೆ. ಆದರೆ ಇದನ್ನೇ ಹಿಡಿದುಕೊಂಡು, ಸಹಜ ಸಂತಾನ ನಿಯಂತ್ರಣವು ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಸಾರುವವರೊಂದಿಗೆ ನಾವು ಕೂಡಲಾರೆವು. ಶಾಸ್ತ್ರಕಾರರು ಎಣಿಸಿದ್ದು ಪುತ್ರೋತ್ಪತ್ತಿಗಾಗಿ, ತಪ್ಪಿಸಿಕೊಳ್ಳುವುದಕ್ಕಾಗಿ ಅಲ್ಲ. ಎಣಿಕೆಯ ಫಲದ ಮೇಲಿನ ಅಧಿಕಾರವನ್ನು ಹೆಂಡತಿಗೆ ಅವರು ಕೊಟ್ಟುದೂ ಇಲ್ಲ.

ಇನ್ನು ಮಣಿಸರದ ವಿಷಯ. ಹೆಂಗಸಿನ ಋತುಚಕ್ರದ ದಿನಗಳಿಗೆ ಹೊಂದುವಂತೆ ಪೋಣಿಸಿದ ಸರ; ಮುಟ್ಟಿನ ದಿನಗಳಿಗೆ ಒಂದು ಬಣ್ಣ, ನಿರಪಾಯದ ದಿನಗಳಿಗೆ ಹಸಿರು, ಗರ್ಭ ನಿಲ್ಲುವ ದಿನಗಳಿಗೆ ಕೆಂಪು; ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗತಕ್ಕದ್ದು. ಇದರ ಬಗ್ಗೆ ಹುಟ್ಟಿಕೊಂಡ ಕಥೆಗಳು ಅನೇಕ. ಕತ್ತಲೆಯಲ್ಲಿ ಬಣ್ಣ ಕಾಣುವುದಿಲ್ಲವೆಂದು ಹೆಂಗಸರು ಹೇಳಿದ್ದರಿಂದ ಅಪಾಯದ ಮಣಿಗಳನ್ನು ಚೌಕವಾಗಿಯೂ ಉಳಿದುವನ್ನು ದುಂಡಾಗಿಯೂ ಮಾಡಿಸಿದರಂತೆ. ಹಿಂದುಮುಂದಾಗಿ ಸರಿಸಿದರೆಂದು ಒಂದೇ ಕಡೆಗೆ ಹೋಗುವ ತಡೆಯನ್ನು ಇಟ್ಟರಂತೆ. ಸರವನ್ನು ಧರಿಸಿದ ಮಾತ್ರಕ್ಕೇ ತಾಯಿತದಂತೆ ಅದು ಕಾಯುತ್ತದೆಂದು ಕೆಲವರು ನಂಬಿದರಂತೆ. ಕೊರಳಿಗೆ ಮಣಿ ಕಟ್ಟುವುದು ದನಗಳಿಗಲ್ಲವೆ ಎಂದು ಕೆಲವರು ನಾಚಿದರಂತೆ. ಇವೆಲ್ಲವೂ ಅಧಿಕಾರಿಗಳ ಮತ್ತು ಅತಿಥಿ ತಜ್ಞರ ಬಾಯಿಂದ ಪತ್ರಿಕೆಗಳಿಗೂ ಅಲ್ಲಿಂದ ಚರಿತ್ರೆಯ ಪುಸ್ತಕಗಳಿಗೂ ಹರಿದು ಬಂದ ಮಾತುಗಳು. ಒಂದು ಕಥೆಯು ಹೇಳಿದವನಿಗೆ ಪ್ರತಿಸಲವೂ ನಗೆಯನ್ನು ತಂದುಕೊಟ್ಟಿದೆಯೆಂದರೆ, ಅದನ್ನು ಸಾಕ್ಷ್ಯವೆಂದು ಬರೆದುಕೊಳ್ಳುವ ಮೊದಲು ಚರಿತ್ರಕಾರನು ಸ್ವಲ್ಪ ತಡೆಯಬೇಕಾಗುತ್ತದೆ.

ಕಥೆಗಳನ್ನು ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ಅವು ಯಾರ ಅಜ್ಞಾನವನ್ನು ಬಯಲಿಗೆಳೆಯುತ್ತವೆ? ಹಸಿರು ಎಂದರೆ ನಿರಾತಂಕವಾಗಿ ಸಾಗು, ಕೆಂಪು ಎಂದರೆ ನಿಲ್ಲು ಎಂಬುದು ರೈಲ್ವೆಯ ಭಾಷೆ. ಕನ್ನಡನಾಡಿನ ಮನೆಗಳಲ್ಲಿ ಹಸಿರು ಬಳೆ, ಹಸಿರು ಸೀರೆ, ಹಸಿರು ಕುಪ್ಪಸ ಇವು ಬಸುರಿಯ ಬಣ್ಣಗಳು. ಸೀಮಂತದಲ್ಲಿ ತೊಡಿಸುವುದು ಹಸಿರು ಬಳೆಯನ್ನೇ. ಕೆಂಪು ಕುಂಕುಮದ ಬಣ್ಣ, ಮಂಗಳದ ಬಣ್ಣ. ಮಗುವಾಗದ ದಿನಕ್ಕೆ ಹಸಿರನ್ನೂ ಮಗುವಾಗುವ ದಿನಕ್ಕೆ ಅಪಾಯದ ಕೆಂಪನ್ನೂ ಇಟ್ಟವರು, ತಮ್ಮ ಮುಂದೆ ಕುಳಿತ ಹೆಂಗಸಿನ ಮೈಮೇಲಿನ ಬಣ್ಣಗಳನ್ನೇ ನೋಡಲಿಲ್ಲ. ಸಾಲದುದಕ್ಕೆ ಕರಿಮಣಿ ಕಟ್ಟಿದ ಕೊರಳಿಗೆ ಇನ್ನೊಂದು ಮಣಿಸರ! ಇದರಿಂದಲೇ ಪ್ರಯೋಗ ಕೆಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಗೊಂದಲವು ಎಣಿಸಲು ಬಾರದವರ ಗೊಂದಲವೆಂದು ಹೇಳುವುದು ಸಾಧ್ಯವಿಲ್ಲ.

ಎಣಿಸಲು ಬಾರದವರು ಎಂಬ ಮಾತನ್ನೇ ಪರಾಮರ್ಶಿಸಬೇಕು. ರಾಮನಗರ, ಚನ್ನಪಟ್ಟಣ, ಕನಕಪುರಗಳ ಸುತ್ತಣ ಪ್ರದೇಶ ರೇಷ್ಮೆಯ ಸೀಮೆ. ಹುಳು ಮೊಟ್ಟೆಯೊಡೆದು ಚಾಕಿಯಾದಂದಿನಿಂದ ನಾಲ್ಕು ಜ್ವರಗಳನ್ನು ದಾಟಿ ಹಣ್ಣಾಗುವವರೆಗೆ ಸುಮಾರು ೨೫ರಿಂದ ೨೮ ದಿನ. ಯಾವ ದಿನ ಜ್ವರಕ್ಕೆ ಕೂರುತ್ತದೆ, ಯಾವಾಗ ಸೊಪ್ಪು ನಿಲ್ಲಿಸಬೇಕು, ಯಾವಾಗ ಮತ್ತೆ ಹಾಕಬೇಕು, ಯಾವ ಹೊತ್ತಿಗೆ ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಒಂದು ದಿನವೂ ತಪ್ಪದಂತೆ ಲೆಕ್ಕವಿಡುವವರಲ್ಲಿ ಮನೆಯ ಹೆಂಗಸರು ಮುಖ್ಯರು. ಒಂದು ಬೆಳೆಯ ಅವಧಿಯೂ ಒಂದು ಋತುಚಕ್ರದ ಅವಧಿಯೂ ಹೆಚ್ಚುಕಡಮೆ ಒಂದೇ ಆಗಿರುವುದು ಕಾಕತಾಳೀಯ. ಆದರೆ ಇಪ್ಪತ್ತೆಂಟರವರೆಗೆ ಎಣಿಸಬಲ್ಲವರೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಾಗಿಲ್ಲ. ಮುಟ್ಟಾದವಳು ಮೂರು ದಿನ ಹೊರಗೆ ಕೂತು ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಳ್ಳುವ ಮನೆಗಳಲ್ಲಿ ಆ ಲೆಕ್ಕವನ್ನು ಅತ್ತೆಯಿಂದ ಹಿಡಿದು ಓರಗಿತ್ತಿಯವರೆಗೆ ಎಲ್ಲರೂ ಬಲ್ಲರು. ಲೆಕ್ಕವು ಬಹಿರಂಗವಾಗಿಯೇ ಇತ್ತು. ಯೋಜನೆಯವರು ಕೇಳಿದ್ದು ಅದನ್ನು ಗುಟ್ಟಾಗಿ, ಇರುಳಿನಲ್ಲಿ, ಗಂಡನ ಇಚ್ಛೆಗೆ ಎದುರಾಗಿ ಉಪಯೋಗಿಸಬೇಕೆಂದು.

ಇದಕ್ಕಿಂತ ಗಂಭೀರವಾದ ದೋಷ ವಿಧಾನದ ಒಳಗೇ ಇದ್ದಿತು. ಪಂಚಾಂಗದಂತೆ ದಿನವೆಣಿಸುವ ಕ್ರಮಕ್ಕೆ ಕ್ರಮಬದ್ಧವಾಗಿ ಮುಟ್ಟಾಗುವ ಹೆಂಗಸು ಬೇಕು. ಅಂದಿನ ಹಳ್ಳಿಯ ಹೆಂಗಸು ಮದುವೆಯಾದ ಮೇಲಿನ ಹೆಚ್ಚು ಕಾಲವನ್ನು ಬಸುರಿನಲ್ಲಿಯೋ ಮೊಲೆಯೂಡಿಸುತ್ತಲೋ ಕಳೆಯುತ್ತಿದ್ದಳು. ಮೊಲೆಯೂಡುವ ಕೂಸು ಇರುವಾಗ ತಿಂಗಳುಗಟ್ಟಲೆ ಮುಟ್ಟು ನಿಲ್ಲುತ್ತದೆ. ಮತ್ತೆ ಆರಂಭವಾಗುವಾಗ ಅಂಡೋತ್ಸರ್ಗವು ಮೊದಲ ಮುಟ್ಟಿಗಿಂತ ಮುಂಚೆಯೇ ಆಗಬಹುದು. ಆಗ ಎಣಿಸಲು ಆರಂಭದ ದಿನವೇ ಇರುವುದಿಲ್ಲ. ಅಂಥವಳ ಕೈಯಲ್ಲಿ ಯಾವ ಸರವೂ, ಅದನ್ನು ಎಷ್ಟು ನಿಷ್ಠೆಯಿಂದ ಸರಿಸಿದರೂ, ಪ್ರಯೋಜನಕ್ಕೆ ಬಾರದು. ಮಣಿಗಳ ಆಕಾರದ ಬಗ್ಗೆ ಇಷ್ಟೊಂದು ಕಥೆಗಳನ್ನು ಉಳಿಸಿಕೊಂಡವರು ಈ ಅಂಶವನ್ನು ಅಷ್ಟೇ ಪ್ರಸಿದ್ಧಿಪಡಿಸಲಿಲ್ಲ.

ಪ್ರಯೋಗದ ಆರಂಭದಲ್ಲಿ ವಿಧಾನವನ್ನು ಕಲಿಯಲು ಇಷ್ಟವಿದೆಯೆಂದವರ ಸಂಖ್ಯೆ ದೊಡ್ಡದು. ಕೊನೆಯವರೆಗೆ ಅನುಸರಿಸಿದವರು ಅತ್ಯಲ್ಪ. ಈ ಅಂತರವನ್ನು ಚಂಚಲತೆಯೆಂದು ಓದಲಾಗಿದೆ. ಇದೇ ದಶಕದಲ್ಲಿ ಪಂಜಾಬಿನ ಖನ್ನಾ ಪ್ರದೇಶದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ನಡೆಸಿದ ಅಧ್ಯಯನದೊಡನೆ ಹೋಲಿಸಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಅಲ್ಲಿ ಹಂಚಿದುದು ಮಣಿಯಲ್ಲ, ನೊರೆಬರುವ ಗರ್ಭನಿರೋಧಕ ಮಾತ್ರೆಗಳು. ಅಲ್ಲಿಯೂ ಜನ ತೆಗೆದುಕೊಂಡರು, ಉಪಯೋಗಿಸಲಿಲ್ಲ. ಮುಂದೆ ಮಹಮೂದ್ ಮಮ್ದಾನಿ ಅವರು ಆ ಹಳ್ಳಿಗೆ ಹೋಗಿ ವಿಚಾರಿಸಿ ೧೯೭೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ತಿಳಿದುಬಂದುದೇನೆಂದರೆ, ದೂರದಿಂದ ಬಂದವರು ಇಷ್ಟು ವಿನಯದಿಂದ ಕೊಡುವಾಗ ಬೇಡವೆನ್ನುವುದು ಮರ್ಯಾದೆಯಲ್ಲವೆಂದು ಜನರು ಕೈಯೊಡ್ಡಿದ್ದರು. ಅಂಗಳಕ್ಕೆ ಬಂದವರಿಗೆ ಇಲ್ಲವೆನ್ನದ ಸಂಪ್ರದಾಯ ರಾಮನಗರದಲ್ಲಿಯೂ ಉಂಟು. ವಿಧಾನವು ಸಹಜವಾದುದಾಗಲಿ ಕೃತಕವಾದುದಾಗಲಿ, ಒಪ್ಪಿಗೆಯ ಮಾತನ್ನು ಒಪ್ಪಿಗೆಯೆಂದೇ ದಾಖಲು ಮಾಡಿಕೊಂಡ ಅಧ್ಯಯನಗಳು ಒಂದೇ ಹಳ್ಳಕ್ಕೆ ಬಿದ್ದಿವೆ.

ಪರೀಕ್ಷೆಯು ನಿಜವಾಗಿ ನಡೆದದ್ದು ಬೇರೆಯವರ ನಡುವೆ ಎಂಬುದನ್ನು ೧೯೫೨ರ ಮೇ ತಿಂಗಳಿನ ವಿಶ್ವ ಆರೋಗ್ಯ ಮಹಾಸಭೆಯ ಕಲಾಪಗಳು ಸ್ಪಷ್ಟಪಡಿಸುತ್ತವೆ. ಸಂತಾನ ನಿಯಂತ್ರಣವು ಈ ಸಂಸ್ಥೆಯ ಕಾರ್ಯವೇ ಅಲ್ಲವೆಂದು ಕ್ಯಾಥೊಲಿಕ್ ಬಹುಮತವುಳ್ಳ ದೇಶಗಳು ಅಲ್ಲಿ ಉಗ್ರವಾಗಿ ವಾದಿಸಿದುವು. ನಾರ್ವೆ ತಂದ ಸಲಹೆ ಕೈಬಿಟ್ಟುಹೋಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ, ೧೯೫೧ರ ಅಕ್ಟೋಬರಿನಲ್ಲಿ, ಹನ್ನೆರಡನೆಯ ಪಯಸ್ ಪೋಪರು ಸೂಲಗಿತ್ತಿಯರನ್ನುದ್ದೇಶಿಸಿದ ಭಾಷಣದಲ್ಲಿ ಸುರಕ್ಷಿತ ದಿನಗಳ ಕ್ರಮವನ್ನು ತಕ್ಕ ಕಾರಣಗಳಿದ್ದಲ್ಲಿ ಅನುಸರಿಸಬಹುದೆಂದಿದ್ದರು. ಹೀಗಾಗಿ ರಾಮನಗರದ ಮೇಲೆ ಮೂರು ಆಶೆಗಳು ಬಂದು ಕೂತಿದ್ದುವು. ಸಚಿವೆಗೆ ಗಾಂಧೀಮಾರ್ಗ ಗೆಲ್ಲಬೇಕಾಗಿತ್ತು. ವಿಶ್ವಸಂಸ್ಥೆಗೆ ಯಾರ ಮನಸ್ಸನ್ನೂ ನೋಯಿಸದ ಒಂದು ಕಾರ್ಯಕ್ರಮ ಬೇಕಾಗಿತ್ತು. ಜನಸಂಖ್ಯೆಯ ಭೀತಿಯುಳ್ಳ ತಜ್ಞರಿಗೆ, ಈ ಕ್ರಮದಿಂದ ಏನೂ ಆಗದೆಂದು ಸಿದ್ಧವಾದರೆ ಮುಂದಿನ ದಾರಿ ಸುಗಮವಾಗುತ್ತಿತ್ತು. ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆಂದು ತೆಗೆದಿರಿಸಿದ ಒಟ್ಟು ಹಣ ೬೫ ಲಕ್ಷ ರೂಪಾಯಿ. ಆ ಹಣ ಯಾವ ಕಡೆಗೆ ಹರಿಯಬೇಕೆಂಬ ವಿವಾದಕ್ಕೆ ಒಂದು ಸಣ್ಣ ಊರಿನ ಹೆಂಗಸರು ಸಾಕ್ಷಿಗಳಾಗಿ ನಿಂತರು.

ಈಗ ನಮ್ಮ ವಾದದ ಮುಖ್ಯ ಪ್ರಮಾಣಕ್ಕೆ ಬರುತ್ತೇವೆ. ರಾಮನಗರದಿಂದ ಐವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಕಾಲು ಶತಮಾನದ ತರುವಾಯ ಇನ್ನೊಂದು ಪರೀಕ್ಷೆ ನಡೆಯಿತು. ಆಸ್ಟ್ರೇಲಿಯದ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ವೈದ್ಯ ದಂಪತಿಗಳು ಪ್ರಚುರಪಡಿಸಿದ ಕ್ರಮವದು. ಅದರಲ್ಲಿ ದಿನಗಳನ್ನು ಎಣಿಸುವುದಿಲ್ಲ. ಅಂಡೋತ್ಸರ್ಗ ಸಮೀಪಿಸಿದಂತೆ ಗರ್ಭದ್ವಾರದ ಸ್ರಾವವು ತೆಳುವಾಗಿ, ಜಾರುವಂತೆ, ಮೊಟ್ಟೆಯ ಬಿಳಿಯ ಲೋಳೆಯಂತೆ ಆಗುವುದನ್ನು ಹೆಂಗಸು ತಾನೇ ಗಮನಿಸಿ ಗುರುತು ಹಾಕಿಕೊಳ್ಳುತ್ತಾಳೆ. ೧೯೭೦ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆಕ್ಲೆಂಡ್, ಬೆಂಗಳೂರು, ಡಬ್ಲಿನ್, ಮನಿಲಾ ಮತ್ತು ಎಲ್ ಸಾಲ್ವಡಾರಿನ ಸ್ಯಾನ್ ಮಿಗೆಲ್ ಎಂಬ ಐದು ಕೇಂದ್ರಗಳಲ್ಲಿ ಇದನ್ನು ಪರೀಕ್ಷಿಸಿ ೧೯೮೧ರಿಂದ ಫಲಿತಾಂಶಗಳನ್ನು ಪ್ರಕಟಿಸಿತು. ಕಲಿಕೆಗೆ ಸೇರಿದವರು ೮೬೯ ಹೆಂಗಸರು. ಅಕ್ಷರ ಬಾರದವರೂ ಅವರಲ್ಲಿದ್ದರು. ಮೊದಲನೆಯ ತಿಂಗಳಿನ ಬೋಧನೆಯಾಗುತ್ತಲೇ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ತಮ್ಮ ದೇಹದ ಸೂಚನೆಗಳನ್ನು ಸರಿಯಾಗಿ ಗುರುತಿಸಬಲ್ಲವರಾಗಿದ್ದರು. ಡಬ್ಲಿನ್ನಿನವರೂ ಬೆಂಗಳೂರಿನವರೂ ಈ ಒಂದು ಸಾಮರ್ಥ್ಯದಲ್ಲಿ ಸಮಾನರು. ಓದುಬರಹವಿಲ್ಲದವರಿಗೆ ಈ ವಿದ್ಯೆ ಹತ್ತುವುದಿಲ್ಲವೆಂಬ ತೀರ್ಪು ಇಲ್ಲಿಗೆ ಬಿದ್ದುಹೋಗುತ್ತದೆ. ಆದರೂ ರಾಮನಗರವನ್ನು ಉದಾಹರಿಸುವ ಲೇಖಕರಲ್ಲಿ ಬೆಂಗಳೂರನ್ನು ಅದರ ಪಕ್ಕದಲ್ಲಿಟ್ಟು ನೋಡಿದವರು ವಿರಳ.

ಸಹಜ ಪಕ್ಷದವರು ಇದನ್ನು ತಮ್ಮ ವಿಜಯವೆಂದು ಭಾವಿಸುವಂತಿಲ್ಲ. ಮುಂದಿನ ಹಂತಕ್ಕೆ ಹೋದ ೭೨೫ ಹೆಂಗಸರಲ್ಲಿ, ವರ್ಷವೊಂದರಲ್ಲಿ ಬಸಿರಾದವರ ಪ್ರಮಾಣ ನೂರಕ್ಕೆ ಇಪ್ಪತ್ತರ ಆಸುಪಾಸು. ೧೯೯೦ರಲ್ಲಿ ಈ ಅಂಕಿಅಂಶಗಳನ್ನು ಪುನಃ ಶೋಧಿಸಿದವರು, ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದಾಗ ಮೊದಲ ವರ್ಷದ ವೈಫಲ್ಯ ನೂರಕ್ಕೆ ಸುಮಾರು ಮೂರು, ನಿಯಮ ಮುರಿದಾಗ ಅದು ನೂರಕ್ಕೆ ಎಂಬತ್ತನ್ನೂ ಮೀರುತ್ತದೆ ಎಂದು ತೋರಿಸಿದರು. ಇಷ್ಟು ಅಗಾಧವಾದ ಅಂತರವಿರುವ ಬೇರೊಂದು ವಿಧಾನ ದುರ್ಲಭ. ಯಾವ ದಿನ ಬೇಡವೆಂದು ಹೆಂಗಸಿಗೆ ನಿಶ್ಚಯವಾಗಿ ತಿಳಿದಿದ್ದಿತು. ಆ ದಿನ ಬೇಡವೆನ್ನುವ ಶಕ್ತಿ ಅವಳಿಗೆ ಇದ್ದಿತೆ ಎಂಬ ಪ್ರಶ್ನೆಗೆ ಉತ್ತರ ದಂಪತಿಗಳ ಕೋಣೆಯಲ್ಲಿದೆ, ನಕಾಶೆಯಲ್ಲಿಲ್ಲ. 'ಸಹಜ' ಎಂಬ ಶಬ್ದವು ಈ ಸಂಗತಿಯನ್ನು ಮರೆಮಾಡುತ್ತದೆ. ಗಂಡನು ಸಂಯಮಿಯಾಗಿರುವನೆಂಬುದು ಸಹಜವೇ ಎಂದು ಯಾವ ಹೆಂಗಸನ್ನಾದರೂ ಕೇಳಬಹುದಾಗಿತ್ತು.

೨೦೦೨ರಲ್ಲಿ ಮಣಿಸರವೇ ಮತ್ತೆ ಬಂದುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಕುತೂಹಲಕರವಾದ ವಿಷಯ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರು ಬೊಲಿವಿಯ, ಪೆರು, ಫಿಲಿಪೈನ್ಸ್ ದೇಶಗಳಲ್ಲಿ ಪರೀಕ್ಷಿಸಿದ ಈ ಸರದಲ್ಲಿ ೩೨ ಮಣಿಗಳು. ೮ರಿಂದ ೧೯ನೆಯ ದಿನದವರೆಗಿನ ಹನ್ನೆರಡು ಮಣಿಗಳು ಬಿಳಿ, ಕತ್ತಲಲ್ಲಿ ಹೊಳೆಯುವಂಥವು. ೨೬ರಿಂದ ೩೨ ದಿನಗಳೊಳಗೆ ಮುಟ್ಟಾಗುವವರಿಗೆ ಮಾತ್ರ ಇದು ಎಂದು ಮೊದಲೇ ಹೇಳಿಬಿಡುತ್ತಾರೆ. ಸರಿಯಾಗಿ ಅನುಸರಿಸಿದವರಲ್ಲಿ ನೂರಕ್ಕೆ ೯೫, ಸಾಮಾನ್ಯ ಬಳಕೆಯಲ್ಲಿ ೮೮ ಸಫಲತೆ. ಬಣ್ಣ ಬದಲಾಯಿತು, ಅರ್ಹತೆಯ ಮಿತಿ ಹೇಳಲ್ಪಟ್ಟಿತು. ಉಪಕರಣದ ತತ್ತ್ವ ರಾಮನಗರದ್ದೇ. ಐವತ್ತು ವರ್ಷಗಳ ಹಿಂದೆ ಕತ್ತಲಲ್ಲಿ ಕಾಣುವುದಿಲ್ಲವೆಂದು ಹೇಳಿ ನಗೆಗೀಡಾದ ಹೆಂಗಸರ ಆಕ್ಷೇಪಣೆ ಸರಿಯಾಗಿಯೇ ಇದ್ದಿತು!

ಹಾಗಾದರೆ ರಾಮನಗರವನ್ನು ತೋರಿಸಿ ಸಮರ್ಥಿಸಿದ ಇನ್ನೊಂದು ಮಾರ್ಗವು ಹೆಂಗಸರಿಗೆ ಏನನ್ನು ಕೊಟ್ಟಿತು? ೧೯೬೫ರಲ್ಲಿ ಬಂದ ವಂಕಿಯು ರಕ್ತಸ್ರಾವದ ದೂರುಗಳನ್ನು ಕೇಳುವವರಿಲ್ಲದೆ ಕೆಲವೇ ವರ್ಷಗಳಲ್ಲಿ ಹೆಸರು ಕೆಡಿಸಿಕೊಂಡಿತು. ತುರ್ತುಪರಿಸ್ಥಿತಿಯ ೧೯೭೬-೭೭ರ ಒಂದೇ ವರ್ಷದಲ್ಲಿ ನಡೆದ ಸಂತಾನಶಕ್ತಿ ಹರಣ ಶಸ್ತ್ರಚಿಕಿತ್ಸೆಗಳು ಎಂಬತ್ತು ಲಕ್ಷಕ್ಕೂ ಮೇಲ್ಪಟ್ಟುವು. ಅವುಗಳಲ್ಲಿ ಬಹುಪಾಲು ಗಂಡಸರವು. ಆ ಕಹಿಯಾದ ಮೇಲೆ ಕಾರ್ಯಕ್ರಮವು ಗಂಡಸರನ್ನು ಬಿಟ್ಟು ಹೆಂಗಸರ ಕಡೆಗೆ ತಿರುಗಿ, ತಿರುಗಿದುದು ಹಾಗೆಯೇ ನಿಂತುಬಿಟ್ಟಿತು. ೨೦೧೪ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಬಳಿ ಒಂದು ಶಿಬಿರದಲ್ಲಿ ಒಂದೇ ದಿನ ೮೩ ಹೆಂಗಸರಿಗೆ ಆಪರೇಷನ್ ಮಾಡಲಾಯಿತು; ಆ ಶಿಬಿರಗಳ ತರುವಾಯ ೧೩ ಹೆಂಗಸರು ಸತ್ತರು. ೨೦೧೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ವರ್ಷಗಳೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕೆಂದು ವಿಧಿಸಬೇಕಾಯಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು ೧.೭ಕ್ಕೆ ಇಳಿದಿವೆ. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದವರು; ಗಂಡಸರ ಪಾಲು ನೂರಕ್ಕೆ ಒಂದನ್ನೂ ಮುಟ್ಟುವುದಿಲ್ಲ. ಈ ಶಸ್ತ್ರಚಿಕಿತ್ಸೆಯಿಂದ ಸಾವಿರಾರು ತಾಯಂದಿರು ಅಪಾಯದ ಹೆರಿಗೆಗಳಿಂದ ಪಾರಾದರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅನೇಕರು ಅದನ್ನು ತಾವಾಗಿಯೇ ಬಯಸಿ ಮಾಡಿಸಿಕೊಂಡರು. ಗಂಡನನ್ನು ಒಪ್ಪಿಸಬೇಕಾದ ಕಷ್ಟ ಅದರಲ್ಲಿ ಒಂದೇ ಸಲ ಬರುತ್ತದೆ, ತಿಂಗಳು ತಿಂಗಳೂ ಬರುವುದಿಲ್ಲವೆಂಬುದೂ ಆ ಬಯಕೆಗೆ ಒಂದು ಕಾರಣವಿರಬೇಕು. ಹಾಗಿರುವಲ್ಲಿ ಮಣಿಸರ ಸೋತ ಕಾರಣವೂ ಶಸ್ತ್ರಚಿಕಿತ್ಸೆ ಗೆದ್ದ ಕಾರಣವೂ ಒಂದೇ ಆಗುತ್ತದೆ.

ಈಚಿನ ದಿನಗಳಲ್ಲಿ ಸಹಜ ಪಕ್ಷವು ನಿಯಂತ್ರಣವನ್ನು ಬಿಟ್ಟು ಚಿಕಿತ್ಸೆಯ ಮಾತನ್ನಾಡುತ್ತಿದೆ. ಅಮೆರಿಕದ ಡಾ. ಥಾಮಸ್ ಹಿಲ್ಗರ್ಸ್ ಅವರ ಪರಂಪರೆಯವರು, ದಿನದಿನದ ಗುರುತುಗಳಿಂದ ಬಂಜೆತನಕ್ಕೂ ಮುಟ್ಟಿನ ತೊಂದರೆಗಳಿಗೂ ಕಾರಣವನ್ನು ಶೋಧಿಸಬೇಕು, ಮಾತ್ರೆ ಕೊಟ್ಟು ಮುಚ್ಚಬಾರದು ಎನ್ನುತ್ತಾರೆ. ಕಾರಣವನ್ನು ಹುಡುಕಬೇಕೆಂಬ ಒತ್ತಾಯ ಸಾಧುವಾದದ್ದೇ. ೨೦೧೫ರಲ್ಲಿ ಅಮೆರಿಕದ ಪ್ರಸೂತಿತಜ್ಞರ ಸಂಸ್ಥೆಯೇ ಎಳೆಯ ಹುಡುಗಿಯರ ಋತುಚಕ್ರವನ್ನು ನಾಡಿ ರಕ್ತದೊತ್ತಡಗಳಂತೆ ಆರೋಗ್ಯದ ಲಕ್ಷಣವೆಂದು ಗಣಿಸಬೇಕೆಂದಿತು. ಆದರೆ ಪ್ರನಾಳ ಶಿಶುಚಿಕಿತ್ಸೆಗೆ ಇದು ಸರಿಸಾಟಿಯೆಂಬ ಘೋಷಣೆಗೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿದ ಪರೀಕ್ಷೆಗಳ ಬಲ ಇಲ್ಲ. ವಯಸ್ಸು ಮೀರುತ್ತಿರುವ ಹೆಂಗಸಿಗೆ ಆ ಘೋಷಣೆಯಿಂದ ಆಗುವ ಕಾಲಹರಣ ಅವಳ ಪಾಲಿಗೆ ತುಂಬಿಬಾರದ ನಷ್ಟ.

ರಾಮನಗರಕ್ಕೆ ಸಂಬಂಧಪಟ್ಟಂತೆ ಇನ್ನೊಂದು ಕೆಲಸ ಉಳಿದಿದೆ, ಅದಕ್ಕೆ ಕಾಲ ಬಹಳವಿಲ್ಲ. ೧೯೫೨ರಲ್ಲಿ ಇಪ್ಪತ್ತರ ಪ್ರಾಯದವಳಾಗಿದ್ದವಳು ಬದುಕಿದ್ದರೆ ಈಗ ತೊಂಬತ್ತನ್ನು ದಾಟಿರುತ್ತಾಳೆ. ಪ್ರಕಟವಾದ ವರದಿಗಳು ಎಷ್ಟು ಜನ ಕಲಿತರು, ಎಷ್ಟು ಜನ ಬಿಟ್ಟರು ಎಂಬುದರಲ್ಲಿ ತೃಪ್ತಿಪಟ್ಟಿವೆ. ಆ ಮುದುಕಿಯರಲ್ಲಿ ಒಬ್ಬಿಬ್ಬರಾದರೂ ಸಿಕ್ಕಿದರೆ ಕೇಳತಕ್ಕ ಪ್ರಶ್ನೆಗಳು ಬೇರೆ: ಸರವನ್ನು ಮನೆಯಲ್ಲಿ ಎಲ್ಲಿ ಇಡುತ್ತಿದ್ದಿರಿ, ಅದು ಅತ್ತೆಯ ಕಣ್ಣಿಗೆ ಬೀಳುತ್ತಿತ್ತೆ, ಮಣಿಯನ್ನು ಸರಿಸುತ್ತಿದ್ದವರು ಯಾರು, ಕೆಂಪು ಮಣಿ ಬಂದ ದಿನ ಯಜಮಾನರಿಗೆ ಹೇಳುತ್ತಿದ್ದಿರೋ ಇಲ್ಲವೋ, ಹೇಳಿದಾಗ ಅವರು ಏನೆನ್ನುತ್ತಿದ್ದರು.